ಮೆಗಾಪಿಕ್ಸೆಲ್ ಎಣಿಸಿ ಕ್ಯಾಮೆರಾ ಕೊಳ್ಳಬಹುದೇ?

ವಾಟ್ಸ್‌ಆಪ್ ಗುಂಪುಗಳಲ್ಲಿ ಕ್ಯಾಮೆರಾ ಬಗ್ಗೆ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. ಒಂದು, "ಈಗ ಫೋನಿನಲ್ಲೇ 108 ಮೆಗಾಪಿಕ್ಸೆಲ್ ಇದೆ, 24 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ದುಡ್ಡು ಸುರಿಯುವವರು ದಡ್ಡರು" ಎನ್ನುತ್ತದೆ. ಇನ್ನೊಂದು ಪೂರಾ ಉಲ್ಟಾ: "ಒಳ್ಳೆಯ ಫೋಟೋ ಬೇಕೆಂದರೆ ಲಕ್ಷ ರೂಪಾಯಿಯ ಕ್ಯಾಮೆರಾ ಬೇಕೇ ಬೇಕು."

ಎರಡರಲ್ಲಿ ಯಾವುದನ್ನು ನಂಬಿದರೂ ನಷ್ಟ ನಮಗೇ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಷ್ಟೋ ಮನೆಗಳಲ್ಲಿ ಕ್ಯಾಮೆರಾದ ಆಸೆ ಹುಟ್ಟುವುದು ಇಂಥ ಸಂದರ್ಭಗಳಲ್ಲಿ: ಮಗುವಿನ ನಾಮಕರಣ, ವಿಜಯನಗರದ ಯಾವುದೋ ಛತ್ರದಲ್ಲಿ ಮಗಳ ನೃತ್ಯ, ಬೆಳಗಿನ ವಾಕಿಂಗ್‌ನಲ್ಲಿ ಮಲ್ಲತ್ತಹಳ್ಳಿ ಕೆರೆಯ ದಡದಲ್ಲಿ ಕಂಡ ಮಿಂಚುಳ್ಳಿ. ಆಸೆ ಬಂದ ವಾರದಲ್ಲೇ ಕಂತಿನ ಮೇಲೆ ಕ್ಯಾಮೆರಾ ಮನೆಗೆ ಬರುತ್ತದೆ. ಕಂತು ಮುಗಿಯುವ ಮೊದಲೇ ಅದು ಬೀರು ಸೇರುತ್ತದೆ. ಹೀಗಾಗದಿರಲು ಬೇಕಾದದ್ದು ಪ್ರೌಢಶಾಲೆಯ ಭೌತವಿಜ್ಞಾನ ಮಾತ್ರ.

ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಫೋಟೋ ಚೆನ್ನಾಗಿ ಬರುತ್ತದೆಯೇ?

ಅಷ್ಟಕ್ಕೇ ಬರುವುದಿಲ್ಲ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆಗಳು. ಚಿತ್ರವನ್ನು ಎಷ್ಟು ಚುಕ್ಕೆಗಳಾಗಿ ಹಂಚಲಾಗಿದೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಒಳಗೆ ಎಷ್ಟು ಬೆಳಕು ಬಂತು ಎಂಬುದನ್ನು ಹೇಳುವುದಿಲ್ಲ.

ಅಂಗಳದಲ್ಲಿ ಮಳೆನೀರು ಹಿಡಿಯುವುದನ್ನು ನೆನೆಸಿಕೊಳ್ಳಿ. ಅಂಗಳದ ತುಂಬ 12 ಬಿಂದಿಗೆ ಇಟ್ಟರೂ ಅಷ್ಟೇ, ಅದೇ ಜಾಗದಲ್ಲಿ 108 ಲೋಟ ಜೋಡಿಸಿದರೂ ಅಷ್ಟೇ. ಸಿಗುವ ನೀರು ಅಂಗಳದ ಅಗಲದಷ್ಟು. ಕ್ಯಾಮೆರಾದಲ್ಲಿ ಆ ಅಂಗಳದ ಹೆಸರು ಸೆನ್ಸರ್. ಸ್ಯಾಮ್‌ಸಂಗ್ 2020ರಲ್ಲಿ ಹೊರತಂದ 108 ಮೆಗಾಪಿಕ್ಸೆಲ್ ಸೆನ್ಸರಿನ ಅಳತೆ ಸುಮಾರು 9.6 × 7.2 ಮಿ.ಮೀ., ಅಂದರೆ ಕಿರುಬೆರಳಿನ ಉಗುರಿನಷ್ಟು. ಆರಂಭದ ಹಂತದ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಇರುವ 'ಎಪಿಎಸ್-ಸಿ' ಸೆನ್ಸರ್ ಸುಮಾರು 23.5 × 15.6 ಮಿ.ಮೀ. ಅಂಗಳವೇ ಐದು ಪಟ್ಟು ದೊಡ್ಡದು.

ಲೋಟಗಳು ತೀರಾ ಚಿಕ್ಕವು ಎಂಬುದು ಫೋನ್ ತಯಾರಕರಿಗೂ ಗೊತ್ತು. ಅದಕ್ಕೇ ಆ ಸೆನ್ಸರ್ ಪಕ್ಕಪಕ್ಕದ ಒಂಬತ್ತು ಚುಕ್ಕೆಗಳನ್ನು ಸೇರಿಸಿ ಒಂದು ಮಾಡಿಕೊಳ್ಳುತ್ತದೆ. 108 ಎಂದು ಬರೆದ ಫೋನ್ ಸಾಮಾನ್ಯವಾಗಿ ಕೊಡುವುದು 12 ಮೆಗಾಪಿಕ್ಸೆಲ್ ಚಿತ್ರವನ್ನೇ.

ಅದೇನೂ ಕಡಿಮೆಯಲ್ಲ. 12 × 8 ಇಂಚಿನ ಒಳ್ಳೆಯ ಪ್ರಿಂಟ್‌ಗೆ ಸುಮಾರು 8.6 ಮೆಗಾಪಿಕ್ಸೆಲ್ ಸಾಕು. 4ಕೆ ಟಿವಿಯ ಪರದೆಯಲ್ಲಿ ಇರುವುದೇ 8.3. ಇನ್ನು ವಾಟ್ಸ್‌ಆಪ್ ಸಾಮಾನ್ಯ ಗುಣಮಟ್ಟದಲ್ಲಿ ಫೋಟೋ ಕಳಿಸುವಾಗ ಅದನ್ನು ಸುಮಾರು ಎರಡು ಮೆಗಾಪಿಕ್ಸೆಲ್‌ಗೆ ಕುಗ್ಗಿಸುತ್ತದೆ. 2023ರಲ್ಲಿ ಬಂದ 'ಎಚ್‌ಡಿ' ಆಯ್ಕೆ ಒತ್ತಿದರೆ ಸ್ವಲ್ಪ ಹೆಚ್ಚು ಉಳಿಯುತ್ತದೆ. ಇದ್ದದ್ದು ಇದ್ದಂತೆ ಹೋಗಬೇಕಾದರೆ 'ಡಾಕ್ಯುಮೆಂಟ್' ಆಗಿ ಕಳಿಸಬೇಕು. ಚಿತ್ರವೆಲ್ಲ ವಾಟ್ಸ್‌ಆಪ್‌ನಲ್ಲೇ ಹಂಚುವವರು ಮೆಗಾಪಿಕ್ಸೆಲ್‌ಗೆಂದು ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಫೋನಿನಲ್ಲೂ ಎಫ್/1.8, ಲೆನ್ಸ್‌ನಲ್ಲೂ ಎಫ್/1.8. ಎರಡೂ ಒಂದೇ ಅಲ್ಲವೇ?

ಜಾಹೀರಾತುಗಳು ನಮ್ಮನ್ನು ಹೆಚ್ಚು ಗೊಂದಲಗೊಳಿಸುವುದು ಇಲ್ಲೇ. ಎಫ್ ಸಂಖ್ಯೆ ಒಂದು ಅನುಪಾತ. ಲೆನ್ಸಿನ ಸಂಗಮ ದೂರವನ್ನು, ಅಂದರೆ ಫೋಕಲ್ ಲೆಂತ್ ಅನ್ನು, ಬೆಳಕು ಒಳಬರುವ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಅದು ಸಿಗುತ್ತದೆ. ಈ ಲೆಕ್ಕವನ್ನು ತಿರುಗಿಸಿದರೆ ಕಿಂಡಿಯ ನಿಜವಾದ ಅಗಲ ತಿಳಿಯುತ್ತದೆ.

50 ಮಿ.ಮೀ. ಎಫ್/1.8 ಲೆನ್ಸಿನ ಕಿಂಡಿ 50 ÷ 1.8, ಅಂದರೆ ಸುಮಾರು 28 ಮಿ.ಮೀ. ಫೋನಿನ ಮುಖ್ಯ ಲೆನ್ಸಿನ ನಿಜವಾದ ಸಂಗಮ ದೂರ 7 ಮಿ.ಮೀ. ಆಸುಪಾಸು; ಎಫ್/1.8 ಆದರೆ ಕಿಂಡಿ 4 ಮಿ.ಮೀ. ವ್ಯಾಸದಲ್ಲಿ ಏಳು ಪಟ್ಟು ವ್ಯತ್ಯಾಸ ಎಂದರೆ ವಿಸ್ತೀರ್ಣದಲ್ಲಿ 49 ಪಟ್ಟು. ಒಂದೇ ಜಾಗದಲ್ಲಿ ನಿಂತು ಒಂದೇ ಮುಖದ ಫೋಟೋ ತೆಗೆದರೆ, ಆ ಮುಖದಿಂದ ಹೊರಟ ಬೆಳಕು ದೊಡ್ಡ ಲೆನ್ಸಿನೊಳಗೆ ಅಷ್ಟು ಹೆಚ್ಚು ಬರುತ್ತದೆ.

ಫೋನ್ ಈ ಕೊರತೆಯನ್ನು ಜಾಣತನದಿಂದ ತುಂಬಿಕೊಳ್ಳುತ್ತದೆ. ನೈಟ್ ಮೋಡ್‌ನಲ್ಲಿ ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ಅವನ್ನು ಸೇರಿಸಿ ಒಂದು ಮಾಡುತ್ತದೆ. ದೀಪಾವಳಿಯ ದಿನ ಮನೆ ಮುಂದಿನ ಹಣತೆ ಸಾಲಿಗೆ ಇದು ಧಾರಾಳವಾಯಿತು, ಹಣತೆಗಳು ಕದಲುವುದಿಲ್ಲ. ಆದರೆ ವೇದಿಕೆಯ ಮೇಲೆ ಕುಣಿಯುವ ಮಗು ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಜಾಗ ಬದಲಿಸಿರುತ್ತದೆ. ಕೈ ಮಸುಕು, ಮುಖ ಮೇಣದ ಬೊಂಬೆ.

ಹಾಗಾದರೆ ಕ್ಯಾಮೆರಾ ತಂದರೆ ಸರಿಹೋಗುತ್ತದೆಯೇ? ಅದೂ ಖಾತ್ರಿಯಿಲ್ಲ. ಕ್ಯಾಮೆರಾ ಜೊತೆಗೆ ಬರುವ 18–55 ಮಿ.ಮೀ. ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಅದು ಸಾಮಾನ್ಯವಾಗಿ ಎಫ್/5.6 ಆಗುತ್ತದೆ; ಕಿಂಡಿ ಬರೀ 10 ಮಿ.ಮೀ. ಛತ್ರದ ಬೆಳಕಿನಲ್ಲಿ ಅದಕ್ಕೆ 1/60 ಸೆಕೆಂಡ್ ಬೇಕಾಯಿತು ಎಂದುಕೊಳ್ಳಿ. ಅಷ್ಟರಲ್ಲಿ ಕೈ ಚಲಿಸಿ ಮಸುಕಾಗುತ್ತದೆ. ಅದೇ ಕ್ಯಾಮೆರಾಕ್ಕೆ 50 ಮಿ.ಮೀ. ಎಫ್/1.8 ಹಾಕಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. 1/500 ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ, ಕುಣಿತ ಚಿತ್ರದಲ್ಲಿ ನಿಲ್ಲುತ್ತದೆ. ಕೈನಡುಕ ತಡೆಯುವ 'ಸ್ಟೆಬಿಲೈಸೇಶನ್' ಇದ್ದರೂ ಇದಕ್ಕೆ ಪರ್ಯಾಯವಲ್ಲ. ಅದು ನಿಮ್ಮ ಕೈಯನ್ನು ಸರಿಪಡಿಸುತ್ತದೆ, ಮಗುವಿನ ಕಾಲನ್ನಲ್ಲ.

ನೂರು ಪಟ್ಟು ಜೂಮ್‌ನಲ್ಲಿ ಕಾಣುವ ಚಂದ್ರ ನಿಜವೇ?

ಚಂದ್ರನಂತೂ ನಿಜ, ಚಿತ್ರದಲ್ಲಿ ಕಾಣುವ ಕುಳಿಗಳೆಲ್ಲ ಲೆನ್ಸಿನಿಂದಲೇ ಬಂದವೇ ಎಂಬುದು ಪ್ರಶ್ನೆ. ಬೆಳಕು ಅಲೆಯಾದ್ದರಿಂದ ಕಿರಿದಾದ ಕಿಂಡಿಯಲ್ಲಿ ಹಾಯುವಾಗ ಹರಡಿಕೊಳ್ಳುತ್ತದೆ. ಕಿಂಡಿ ಚಿಕ್ಕದಾದಷ್ಟೂ ಹರಡುವಿಕೆ ಹೆಚ್ಚು, ವಿವರ ಕಡಿಮೆ. ಫೋನಿನ ಜೂಮ್ ಲೆನ್ಸಿನ ಕಿಂಡಿ 5 ಮಿ.ಮೀ. ಇದ್ದರೆ, ಈ ನಿಯಮದ ಪ್ರಕಾರ ಚಂದ್ರನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬಿಡಿಬಿಡಿಯಾಗಿ ಗುರುತಿಸಬಹುದಾದ ಬಿಂದುಗಳು ಎಪ್ಪತ್ತರ ಆಸುಪಾಸು. 300 ಮಿ.ಮೀ. ಎಫ್/5.6 ಲೆನ್ಸಿನ ಕಿಂಡಿ 53 ಮಿ.ಮೀ.; ಅದರ ಮಿತಿ ಸುಮಾರು ಹತ್ತು ಪಟ್ಟು ಮೇಲಿದೆ.

2023ರ ಮಾರ್ಚ್‌ನಲ್ಲಿ ಒಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು, ಕತ್ತಲ ಕೋಣೆಯಲ್ಲಿ ಸ್ಯಾಮ್‌ಸಂಗ್ ಫೋನಿನಿಂದ ಫೋಟೋ ತೆಗೆದರು. ಪರದೆಯಲ್ಲಿ ಇಲ್ಲದ ವಿವರಗಳು ಫೋಟೋದಲ್ಲಿ ಮೂಡಿದ್ದವು. ಆಮೇಲೆ ಕಂಪನಿಯೇ ವಿವರಣೆ ನೀಡಿತು: ದೃಶ್ಯದಲ್ಲಿ ಚಂದ್ರನಿದ್ದಾನೆಂದು ಗುರುತಿಸಿದಾಗ ಫೋನಿನ ಎಐ ವಿವರಗಳನ್ನು ಹೆಚ್ಚಿಸುತ್ತದೆ, ಬೇಡವೆಂದವರು 'ಸೀನ್ ಆಪ್ಟಿಮೈಜರ್' ಆಯ್ಕೆಯನ್ನು ಆಫ್ ಮಾಡಬಹುದು. ಹಂಚಲು ಚೆಂದದ ಚಿತ್ರ ಬೇಕೆಂದರೆ ಅಡ್ಡಿಯಿಲ್ಲ. ಆದರೆ ಅದನ್ನು ನೋಡಿ "ಫೋನಿನ ಲೆನ್ಸ್ ದೊಡ್ಡ ಲೆನ್ಸಿಗೆ ಸಮ" ಎಂದು ತೀರ್ಮಾನಿಸುವುದು ತಪ್ಪು.

ಭಾರಿ ಲೆನ್ಸ್ ಇಲ್ಲದೆ ಹಕ್ಕಿಯ ಫೋಟೋ ಆಗುವುದೇ ಇಲ್ಲವೇ?

ಈಗ ಎರಡನೇ ಬಗೆಯ ಸಂದೇಶಕ್ಕೆ ಬರೋಣ. ನಮ್ಮ ಕೆರೆಗಳಲ್ಲಿ ಕಾಣುವ ಬಿಳಿ ಎದೆಯ ಮಿಂಚುಳ್ಳಿಯ ಉದ್ದ ಸುಮಾರು 28 ಸೆಂ.ಮೀ. ಅದು 20 ಮೀಟರ್ ದೂರದಲ್ಲಿ ಕುಳಿತಿದ್ದರೆ ಫೋನಿನ ಮುಖ್ಯ ಲೆನ್ಸಿನಲ್ಲಿ ಚಿತ್ರದ ಅಗಲದ ನೂರರಲ್ಲಿ ಒಂದು ಪಾಲಿನಷ್ಟು ಕಾಣುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 300 ಮಿ.ಮೀ. ಲೆನ್ಸ್ ಹಾಕಿದರೆ ಆರರಲ್ಲಿ ಒಂದು ಪಾಲು. ಆದ್ದರಿಂದ ಹಕ್ಕಿಗಳ ವಿಷಯದಲ್ಲಿ ಕ್ಯಾಮೆರಾ ಬೇಕೆನ್ನುವುದು ನಿಜ.

ಆದರೆ ಅದೇ ಲೆನ್ಸ್ ಹಿಡಿದು 10 ಮೀಟರ್ ದೂರದಲ್ಲಿ ಇದ್ದರೆ? ಹಕ್ಕಿ ಎರಡು ಪಟ್ಟು ದೊಡ್ಡದಾಗಿ, 600 ಮಿ.ಮೀ. ಲೆನ್ಸಿನಲ್ಲಿ 20 ಮೀಟರಿನಿಂದ ಕಂಡಷ್ಟೇ ಕಾಣುತ್ತದೆ. ಅದಕ್ಕೆ ಲಕ್ಷಗಟ್ಟಲೆ ಖರ್ಚಿಲ್ಲ, ತಾಳ್ಮೆ ಬೇಕು. ಹಕ್ಕಿಯ ಹಿಂದೆ ಓಡಿದರೆ ಅದು ಹಾರುತ್ತದೆ. ಅದು ದಿನಾ ಬಂದು ಕೂರುವ ಕೊಂಬೆ ಯಾವುದೆಂದು ನಾಲ್ಕು ಬೆಳಗ್ಗೆ ಗಮನಿಸಿ, ಮೊದಲೇ ಹೋಗಿ ಅಲುಗಾಡದೆ ಕುಳಿತರೆ ಅದೇ ಹತ್ತಿರ ಬರುತ್ತದೆ. ಗೂಡಿನ ಹತ್ತಿರ ಮಾತ್ರ ಹೋಗಬಾರದು; ತಾಯಿಹಕ್ಕಿ ಗೂಡು ಬಿಟ್ಟರೆ ಮರಿಗಳಿಗೆ ಕುತ್ತು.

ಕನ್ನಡ ನಾಡಿನಲ್ಲಿ ಈ ದಾರಿ ಹಳೆಯದು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದದ್ದು, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದದ್ದು ಫಿಲ್ಮ್ ಕಾಲದಲ್ಲಿ. ಆಗ ಒಂದು ರೋಲ್‌ಗೆ 36 ಚಿತ್ರ. ಆಟೋಫೋಕಸ್ ಇರುವ ಎಸ್‌ಎಲ್‌ಆರ್ ಕ್ಯಾಮೆರಾಗಳು ಜನಪ್ರಿಯವಾದದ್ದೇ 1985ರ ನಂತರ. ಇಂದಿನ ಅತಿ ಅಗ್ಗದ ಮಿರರ್‌ಲೆಸ್ ಕ್ಯಾಮೆರಾದಲ್ಲಿರುವ ಎಷ್ಟೋ ಸೌಲಭ್ಯ ಅವರ ಕೈಯಲ್ಲಿರಲಿಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿಗಳ ಸಂಘಗಳಲ್ಲಿ ಇಂಥ ಅನುಭವ ಒಬ್ಬರಿಂದ ಒಬ್ಬರಿಗೆ ಹರಿದುಬಂದಿದೆ.

ದೂರದ ಮಾತು ಮುಖದ ಚಿತ್ರಕ್ಕೂ ಅನ್ವಯಿಸುತ್ತದೆ. ಫೋನಿನಲ್ಲಿ ಮೂಗು ದಪ್ಪಗೆ ಕಾಣಲು ಕಾರಣ ಲೆನ್ಸಿನ ದೋಷವಲ್ಲ, ನಾವು ಒಂದಡಿ ದೂರದಲ್ಲಿ ಹಿಡಿಯುವುದು. ಐದಾರು ಅಡಿ ಹಿಂದೆ ಸರಿದು, ಎರಡು ಪಟ್ಟು ಜೂಮ್ ಮಾಡಿ ನೋಡಿ. ಹೊಸ ಲೆನ್ಸಿಲ್ಲದೆ ಅರ್ಧ ದೂರು ಮಾಯ.

ಹಾಗಾದರೆ ಏನು ಕೊಳ್ಳಬೇಕು?

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಕಳೆದ ಆರು ತಿಂಗಳಲ್ಲಿ ಬೇಕಿದ್ದೂ ಸಿಗದ ಫೋಟೋ ಯಾವುದು? ಉತ್ತರ ಅದರಲ್ಲೇ ಇದೆ.

ಸಿಗದಿದ್ದ ಫೋಟೋ ನೆನಪಾಗದಿದ್ದರೆ ಫೋನೇ ಸಾಕು. ಹಗಲಿನ ಪ್ರವಾಸ, ಮನೆಯ ಹಬ್ಬ, ಊಟದ ಎಲೆಯ ಚಿತ್ರಗಳಿಗೆ ಬೇರೆ ಖರ್ಚು ಬೇಡ.

ಛತ್ರದಲ್ಲಿ, ಮನೆಯೊಳಗೆ ಮಕ್ಕಳ ಚಿತ್ರ ಮಸುಕಾಗುತ್ತಿದ್ದರೆ, ಬಾಡಿ ಸಾಧಾರಣದ್ದೇ ಇರಲಿ, 50 ಅಥವಾ 35 ಮಿ.ಮೀ. ಎಫ್/1.8 ಲೆನ್ಸ್ ಕೊಳ್ಳಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಚಿಕ್ಕ ಕೋಣೆಗೆ 35 ವಾಸಿ. 50ರಲ್ಲಿ ಹಿಂದೆ ಸರಿಯಲು ಗೋಡೆ ಅಡ್ಡ ಬರುತ್ತದೆ.

ಮಲ್ಲತ್ತಹಳ್ಳಿ ಕೆರೆಯ ಹಕ್ಕಿ, ಜ್ಞಾನಭಾರತಿ ಆವರಣದ ನವಿಲು ನಿಮ್ಮ ಉತ್ತರವಾದರೆ 300 ಮಿ.ಮೀ.ವರೆಗೆ ಹೋಗುವ ಸಾಧಾರಣ ಜೂಮ್ ಲೆನ್ಸಿನಿಂದ ಶುರು ಮಾಡಿ. ಬೆಳಗಿನ ಎಳೆಬಿಸಿಲಲ್ಲಿ ಎಫ್/5.6 ಸಾಲದೆ ಹೋಗುವುದು ಅಪರೂಪ. ಕದಲದ ಕಟ್ಟಡ, ರಾತ್ರಿಯ ದೀಪಗಳಾದರೆ ಲೆನ್ಸಿಗಿಂತ ಮೊದಲು ಗಟ್ಟಿಯಾದ ಟ್ರೈಪಾಡ್.

ಕೊಳ್ಳುವ ಮೊದಲು ಒಂದು ಶನಿವಾರ, ಭಾನುವಾರ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್‌ಗಳನ್ನು ದಿನದ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಒಂದು ಕೆ.ಜಿ.ಗೂ ಮೀರಿದ ಲೆನ್ಸನ್ನು ಕತ್ತಿಗೆ ಹಾಕಿಕೊಂಡು ಎರಡು ಗಂಟೆ ನಡೆದರೆ ನಿಮಗೆ ಅದು ಬೇಕೋ ಬೇಡವೋ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೂಡ ಒಳ್ಳೆಯ ದಾರಿ. ಹೊಸ ಡಿಎಸ್‌ಎಲ್‌ಆರ್ ಮಾದರಿಗಳು ಬರುವುದು ಬಹುತೇಕ ನಿಂತಿರುವುದರಿಂದ ಹಳೆಯವು ಕಡಿಮೆ ಬೆಲೆಗೆ ಸಿಗುತ್ತವೆ. ಲೆನ್ಸ್ ನಿಮ್ಮ ಕ್ಯಾಮೆರಾದ ಮೌಂಟ್‌ಗೆ ಹೊಂದುತ್ತದೆಯೇ ಎಂದು ಹಾಕಿಯೇ ನೋಡಿ. ಒಂದು ಕಡೆಯಿಂದ ಫೋನಿನ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್; ವಾಪಸ್ ಕೊಟ್ಟುಬಿಡಿ.

ಅಕ್ಕಿ ಡಬ್ಬದಲ್ಲಿಟ್ಟರೆ ಲೆನ್ಸ್ ಕೆಡುವುದಿಲ್ಲವೇ?

ಇದೂ ಹಳೆಯ ನಂಬಿಕೆ. ಗಾಳಿಯ ಸಾಪೇಕ್ಷ ತೇವಾಂಶ ಶೇ 60 ದಾಟಿ ಹಾಗೇ ಉಳಿದರೆ ಲೆನ್ಸಿನೊಳಗೆ ಶಿಲೀಂಧ್ರ ಬೆಳೆಯಲು ಅನುಕೂಲ. ಬೆಂಗಳೂರಿನ ಮಳೆಗಾಲದಲ್ಲಿ ಮುಚ್ಚಿದ ಬೀರುವಿನಲ್ಲಿ ಇದು ಸುಲಭವಾಗಿ ಆಗುತ್ತದೆ. ಶಿಲೀಂಧ್ರ ಹೊರಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿಂದರೆ ಆಮೇಲೆ ಒರೆಸಿ ಪ್ರಯೋಜನವಿಲ್ಲ. ಅಂಗಡಿಯಿಂದ ತಂದ ಅಕ್ಕಿಯಲ್ಲೇ ಶೇ 12–14ರಷ್ಟು ನೀರಿನಂಶವಿರುತ್ತದೆ. ಅದು ಗಾಳಿಯನ್ನು ಬೇಕಾದಷ್ಟು ಒಣಗಿಸಲಾರದು, ಮೇಲಾಗಿ ಅದರ ಹುಡಿ ಲೆನ್ಸಿನ ಸಂದಿಗೆ ಸೇರುತ್ತದೆ.

ಅದರ ಬದಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮಾಪಕ ಸಾಕು. ಮಾಪಕದ ಮುಳ್ಳು 40–50ರ ನಡುವೆ ಇರಲಿ. ಜೆಲ್‌ನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ, ಇಲ್ಲವೇ ಹೊಸದು ಹಾಕಿ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಎಲ್ಲಕ್ಕಿಂತ ಒಳ್ಳೆಯ ಔಷಧಿ ವಾರಕ್ಕೊಮ್ಮೆ ಕ್ಯಾಮೆರಾವನ್ನು ಹೊರಗೆ ತೆಗೆದು ಬಳಸುವುದು.

ಮುಂದಿನ ಸಲ "ಈ ಫೋನ್ ಡಿಎಸ್‌ಎಲ್‌ಆರ್ ಅನ್ನು ಸೋಲಿಸಿತು" ಎಂದೋ, "ಈ ಲೆನ್ಸ್ ಇಲ್ಲದಿದ್ದರೆ ಫೋಟೋಗ್ರಫಿಯೇ ಅಲ್ಲ" ಎಂದೋ ಸಂದೇಶ ಬಂದಾಗ ಮುಂದಕ್ಕೆ ಕಳಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ಕಿಂಡಿ ಎಷ್ಟು ಮಿಲಿಮೀಟರ್? ತೆಗೆಯಬೇಕಾದ ಚಿತ್ರ ಯಾವುದು? ಈ ಎರಡಕ್ಕೂ ಉತ್ತರವಿಲ್ಲದ ಸಂದೇಶವನ್ನು ನಂಬಿ ಕಂತಿನ ಕಾಗದಕ್ಕೆ ಸಹಿ ಹಾಕಬೇಡಿ.