ಮರಳುವಿಕೆಯ ಫಲಾಗಮ: ಪ್ರಣಯ ವಿನೋದದ ಕಥಾಸಂವಿಧಾನ

ಪ್ರಣಯ ವಿನೋದಕಥನದಲ್ಲಿ ಪ್ರವಾಸವೆಂಬುದು ಪ್ರೇಮಿಗಳನ್ನು ಕೂಡಿಸುವ ನೆಪಮಾತ್ರ, ವಿವಾಹವೇ ಅದರ ಸಹಜ ಮುಕ್ತಾಯ ಎಂಬ ಗ್ರಹಿಕೆ ರೂಢಿಯಲ್ಲಿದೆ. ವಿಲಿಯಂ ವೈಲರ್ ನಿರ್ದೇಶನದ ‘ರೋಮನ್ ಹಾಲಿಡೇ’ (1953) ಚಿತ್ರವನ್ನು ಈ ಅಳತೆಗೋಲಿನಿಂದ ನೋಡಿದರೆ ಅದು ಅಪೂರ್ಣ ಕೃತಿಯಾಗಿ ತೋರುತ್ತದೆ. ದೋಷವಿರುವುದು ಕೃತಿಯಲ್ಲಲ್ಲ, ಅಳತೆಗೋಲಿನಲ್ಲಿ.

ಷೇಕ್ಸ್‌ಪಿಯರನ ವಿನೋದನಾಟಕಗಳಲ್ಲಿ ದೈನಂದಿನ ಲೋಕದಿಂದ ‘ಹಸಿರುಲೋಕ’ಕ್ಕೆ ಹೋಗಿ ಮರಳುವ ಚಲನೆಯನ್ನು ನಾರ್ತ್ರಪ್ ಫ್ರೈ ಗುರುತಿಸಿದ್ದಾರೆ. ಈ ಚಿತ್ರದಲ್ಲಿ ರೋಮ್ ನಗರವೇ ಆ ಹಸಿರುಲೋಕ. ಕಾರ್ಯಕ್ರಮಪಟ್ಟಿಗೆ ಬೇಸತ್ತ ರಾಜಕುಮಾರಿ ಆ್ಯನ್ ರಾತ್ರಿ ತಪ್ಪಿಸಿಕೊಳ್ಳುತ್ತಾಳೆ. ಕೂದಲು ಕತ್ತರಿಸಿಕೊಂಡು, ಐಸ್‌ಕ್ರೀಂ ತಿಂದು, ಸ್ಕೂಟರಿನಲ್ಲಿ ಸುತ್ತಿ ಉಲ್ಲಾಸವನ್ನು ಮರಳಿ ಪಡೆಯುತ್ತಾಳೆ. ಆಕೆ ತನ್ನ ಗುರುತನ್ನು ಮರೆಮಾಚಿದರೆ, ಜೊತೆಗಿರುವ ಜೋ ಬ್ರ್ಯಾಡ್ಲಿ ತಾನು ಪತ್ರಕರ್ತನೆಂಬುದನ್ನು ಮರೆಮಾಚುತ್ತಾನೆ. ಹಾಸ್ಯಕ್ಕೂ ನೈತಿಕ ಬಿಕ್ಕಟ್ಟಿಗೂ ಈ ಇಮ್ಮಡಿ ವೇಷವೇ ಮೂಲ.

ಮರಳುವಿಕೆಯಲ್ಲಿ ವಿವಾಹವಿಲ್ಲ. ಆಕೆ ಸ್ವಂತ ನಿರ್ಧಾರದಿಂದ ಕರ್ತವ್ಯಕ್ಕೆ ಹಿಂತಿರುಗುತ್ತಾಳೆ; ಆತ ಹಣ ತರಬಹುದಾಗಿದ್ದ ವರದಿಯನ್ನು ಕೈಬಿಡುತ್ತಾನೆ. ಕೊನೆಯ ಪತ್ರಿಕಾಗೋಷ್ಠಿಯಲ್ಲಿ, ಮೆಚ್ಚಿನ ನಗರ ಯಾವುದೆಂಬ ಪ್ರಶ್ನೆಗೆ ರಾಜತಾಂತ್ರಿಕ ಉತ್ತರವನ್ನು ಆರಂಭಿಸಿ, ಅರ್ಧಕ್ಕೇ ನಿಲ್ಲಿಸಿ, ರೋಮ್ ಎನ್ನುತ್ತಾಳೆ. ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದವಳು ತನ್ನ ಮಾತನ್ನಾಡಿದ ಈ ಗಳಿಗೆಯೇ ಕೃತಿಯ ಫಲಾಗಮ.

ಆದುದರಿಂದ ಇಂತಹ ಕಥನಗಳ ಸಂವಿಧಾನವನ್ನು ಪ್ರೇಮಿಗಳ ಸಮಾಗಮದಿಂದಲ್ಲ, ಮರಳಿ ಬಂದ ವ್ಯಕ್ತಿಯಲ್ಲಿ ಉಳಿದ ಪರಿವರ್ತನೆಯಿಂದ ಅಳೆಯುವುದು ಯುಕ್ತ.