ಬೆಲ್ಲದ ಪೇಟೆಗೆ ಉಪನ್ಯಾಸ ಯಾಕೆ ಬೇಕು

ಮಹಾಲಿಂಗಪುರದಲ್ಲಿ ತಿಂಗಳಿಗೊಮ್ಮೆ ಹೊಸ ಉದ್ಯಮ, ಹೊಸ ವಿಧಾನ, ಹೊಸ ಮಾರುಕಟ್ಟೆಗಳ ಬಗ್ಗೆ ಸಾರ್ವಜನಿಕ ಉಪನ್ಯಾಸ ನಡೆಯಬೇಕು. ಅದು ಕನ್ನಡದಲ್ಲಿರಬೇಕು, ಗಾಣದವರೂ ಮಗ್ಗದವರೂ ಬಂದು ಕೂತು ಪ್ರಶ್ನೆ ಕೇಳುವಂತಿರಬೇಕು ಎಂದು ನಾವು ಕೆಲವರು ಹೇಳುತ್ತ ಬಂದಿದ್ದೇವೆ. ಇದಕ್ಕೆ ವಿರೋಧ ಎದ್ದಿದೆ. ವಿರೋಧಿಸುವವರು ಹಗುರ ಜನರಲ್ಲ. ಬೆಲ್ಲದ ಪೇಟೆಯಲ್ಲೇ ಕೂದಲು ಹಣ್ಣಾದ ದಲಾಲರಿದ್ದಾರೆ, ಮಗ್ಗದ ಮನೆಗಳ ಹಿರಿಯರಿದ್ದಾರೆ, ಕಬ್ಬಿನ ಬೆಲೆಗಾಗಿ ಬೀದಿಗಿಳಿದ ರೈತರಿದ್ದಾರೆ. ಅವರ ಒಂದೊಂದು ಮಾತಿಗೂ ನೇರ ಉತ್ತರ ಕೊಡಬೇಕು.

"ಮಾತಿನ್ಯಾಗ ಏನೈತಿ? ದುಡಿಯಾಂವ ಸಭಾಕ್ಕ ಬರೂದಿಲ್ಲ, ಸಭಾಕ್ಕ ಬರಾಂವ ದುಡಿಯೂದಿಲ್ಲ" ಎನ್ನುವುದು ಎಲ್ಲಕ್ಕಿಂತ ಮೊದಲು ಕೇಳಿಬಂದ ಮಾತು. ಇದನ್ನು ಜಮಖಂಡಿ ಸೀಮೆಯವರು ಹೇಳಿದಾಗ ನನಗೆ ನೋವಾಗುತ್ತದೆ. ಯಾಕೆಂದರೆ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಶ್ರಮಬಿಂದು ಸಾಗರ ಬ್ಯಾರೇಜು ನಿಂತಿದೆ. ಅದಕ್ಕೆ ಮೊದಲು ಮಳೆಗಾಲದಲ್ಲಿ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳು ಒಣ ಮರಳಿನಲ್ಲಿ ನಿಲ್ಲುತ್ತಿದ್ದವು. ಸಿದ್ದು ನ್ಯಾಮಗೌಡರು ಮುಂದೆ ನಿಂತರು, ಕೃಷ್ಣಾ ತೀರದ ರೈತರು ಸಂಘ ಕಟ್ಟಿಕೊಂಡು ವಂತಿಗೆ ಕೂಡಿಸಿದರು, ಮೈ ಬಗ್ಗಿಸಿ ದುಡಿದರು. 1989ರಲ್ಲಿ ಬ್ಯಾರೇಜು ಎದ್ದಿತು. ದೇಶದಲ್ಲಿ ರೈತರೇ ಖಾಸಗಿಯಾಗಿ ಕಟ್ಟಿಕೊಂಡ ಮೊದಲ ಬ್ಯಾರೇಜು ಎಂದೇ ಅದಕ್ಕೆ ಹೆಸರು.

ಆ ಒಡ್ಡಿಗೆ ಬಿದ್ದ ಮೊದಲ ಕಲ್ಲು ಯಾವುದು? ಹಿಂದೆ ಎಲ್ಲೂ ರೈತರು ಕಟ್ಟಿರದ, ನಿಂತೀತೋ ಕೊಚ್ಚಿಹೋದೀತೋ ಗೊತ್ತಿಲ್ಲದ ಒಂದು ಕಾಮಗಾರಿಗೆ ಮನುಷ್ಯ ತನ್ನ ಕಿಸೆಯ ದುಡ್ಡು ತೆಗೆದು ಕೊಡಬೇಕಾದರೆ ಅದಕ್ಕೆ ಮೊದಲು ಅವನು ಕೂತು ಕೇಳಿರಬೇಕು. ಎಷ್ಟು ಖರ್ಚು, ಎಷ್ಟು ನೀರು, ಯಾರ ಹೊಲಕ್ಕೆ, ಮೋಸವಾದರೆ ಯಾರನ್ನು ಹಿಡಿಯುವುದು ಎಂದು ನಾಲ್ಕು ಜನರ ಮುಂದೆ ಕೇಳಿ ಉತ್ತರ ಪಡೆದಿರಬೇಕು. ಮಾತಿಲ್ಲದೆ ವಂತಿಗೆ ಎದ್ದ ಊರು ಯಾವುದಿದೆ? ಮೈಸೂರು ಸೀಮೆಯಲ್ಲಿಯೂ ಹೀಗೇ ಆಯಿತು. 1911ರಲ್ಲಿ ಶುರುವಾದ ಮೈಸೂರು ಆರ್ಥಿಕ ಸಮ್ಮೇಳನ ಅಧಿಕಾರಿಗಳು, ವ್ಯಾಪಾರಿಗಳು, ಬೇಸಾಯಗಾರರನ್ನು ಒಂದೆಡೆ ಕೂಡಿಸಿ ಮಾತಾಡಿಸುವ ಏರ್ಪಾಡು. ವಿಶ್ವೇಶ್ವರಯ್ಯನವರು ಪಟ್ಟು ಹಿಡಿದು ನಡೆಸಿದ ಆ ಚರ್ಚೆಯ ಕಾಲದಲ್ಲೇ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾಲಯ ಮತ್ತು ವಾಣಿಜ್ಯ ಮಂಡಳಿ ಹುಟ್ಟಿದವು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಮ್ಮ ಜನ ಯಾವ ಉಪನ್ಯಾಸವನ್ನೂ ಕೇಳದೆ ಹೊಸದನ್ನು ಮಾಡಿದ್ದಾರೆ, ಒಳ್ಳೆಯದಿದ್ದರೆ ಅದು ತಾನೇ ಹರಡುತ್ತದೆ ಎನ್ನುತ್ತಾರೆ. ಮೊದಲ ಅರ್ಧ ಪೂರ್ತಿ ನಿಜ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಯಾವ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನೂ ಹತ್ತಲಿಲ್ಲ. ಹುಣಸೆ ಬೆಳೆದರು, ಹಣ್ಣಿನಿಂದ ಬೀಜ ಬಿಡಿಸುವುದು ಕಷ್ಟವಾಯಿತು, ಅದಕ್ಕೊಂದು ಯಂತ್ರ ಮಾಡಿದರು. ಬೀಜ ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ ಮಾಡಿದರು, ಕಬ್ಬು ನಾಟಿಗೂ ಯಂತ್ರ ಕಟ್ಟಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಎರಡನೆಯ ಅರ್ಧ, ತಾನೇ ಹರಡುತ್ತದೆ ಎಂಬುದು, ಸುಳ್ಳು. ನಡಕಟ್ಟಿನ ಅವರ ಕೆಲಸವನ್ನು ಹೊರಗಿನವರು ಬಂದು ನೋಡಿದರು, ಬರೆದಿಟ್ಟರು, ನಾಲ್ಕು ಕಡೆ ಹೇಳಿದರು. ಅಹಮದಾಬಾದಿನ ಪ್ರಾಧ್ಯಾಪಕ ಅನಿಲ್ ಗುಪ್ತಾ ಅವರು ಹನಿ ಬೀ ನೆಟ್‌ವರ್ಕ್ ಕಟ್ಟಿದ್ದೇ ಇದಕ್ಕೆ: ಹಳ್ಳಿಯವನು ಕಂಡುಹಿಡಿದದ್ದು ಅವನ ಹೆಸರಿನಲ್ಲೇ, ಅವನ ಭಾಷೆಯಲ್ಲೇ ಇನ್ನೊಂದು ಹಳ್ಳಿಗೆ ಮುಟ್ಟಲಿ ಎಂದು. 2000ದಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಹುಟ್ಟಿದ್ದೂ ಆ ದಾರಿಯಲ್ಲೇ.

ಇನ್ನೂ ಹಳೆಯ ಸಾಕ್ಷಿ ಬೇಕಾದರೆ ಗುರ್ಲಹೊಸೂರಿನಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ನೆನೆಯಿರಿ. ಅವರು ಕಬ್ಬಿಣದ ನೇಗಿಲು ಮಾಡಿದಾಗ ರೈತರು ಮುಟ್ಟಲಿಲ್ಲ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂಬ ಭಯ. ಮೊದಲ ಕೆಲವೇ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ನೇಗಿಲು ಒಳ್ಳೆಯದೇ ಇತ್ತು. ನಂಬಿಕೆ ಇರಲಿಲ್ಲ. ನಂಬಿಕೆ ಹುಟ್ಟುವುದು ಎದುರೆದುರು ಕೂತು ಕೇಳಿ ನೋಡಿ ಪರೀಕ್ಷಿಸಿದಾಗ.

ಮಗ್ಗದ ಹಿರಿಯರೊಬ್ಬರು ಬೇರೆ ಮಾತು ಹೇಳಿದರು: ನಮ್ಮ ಕಸಬಿನ ಗುಟ್ಟನ್ನು ವೇದಿಕೆ ಹತ್ತಿ ಹೇಳಿದರೆ ನಾಳೆ ಸೂರತ್ತಿನವರು ಅದನ್ನೇ ಅಗ್ಗಕ್ಕೆ ನೇಯ್ದು ತಂದು ನಮ್ಮ ಸಂತೆಯಲ್ಲೇ ಮಾರುತ್ತಾರೆ. ಈ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ರಬಕವಿ, ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಅದಕ್ಕೆ ಕಾರಣಗಳಿವೆ. ಆದರೆ ನಕಲು ಮಾಡುವವನು ಉಪನ್ಯಾಸಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ಒಂದು ಸೀರೆ ಕೊಂಡು ಬಿಚ್ಚಿ ನೋಡುತ್ತಾನೆ. ಅವನಿಂದ ಕಾಯುವುದು ಗುಟ್ಟಲ್ಲ, ದಾಖಲೆ. ಇಳಕಲ್ ಸೀರೆಯನ್ನೇ ನೋಡಿ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವ ವಿದ್ಯೆ ಅದರ ಜೀವ. ಆ ಸೀರೆಗೆ ಇಂದು ಭೌಗೋಳಿಕ ಗುರುತಿನ ರಕ್ಷಣೆಯಿದೆ. ಆ ಗುರುತು ಬೇಕಾದರೆ ಕಾನೂನು ಏನು ಕೇಳುತ್ತದೆ? ಹೇಗೆ ನೇಯುತ್ತೀರಿ, ಯಾವ ಊರುಗಳಲ್ಲಿ, ಎಷ್ಟು ಹಳೆಯದು ಎಂದು ಬಿಡಿಸಿ ಬರೆದುಕೊಡಿ ಎನ್ನುತ್ತದೆ. ಬರೆದದ್ದನ್ನು ಅಚ್ಚು ಹಾಕಿ, ಆಕ್ಷೇಪವಿದ್ದವರು ಮುಂದೆ ಬನ್ನಿ ಎಂದು ಎಲ್ಲರೆದುರು ಇಡುತ್ತದೆ. ಪೇಟೆಂಟಿನ ಕಾನೂನಿನಲ್ಲಿಯೂ ಅಷ್ಟೇ. ವಿಧಾನವನ್ನು ಬಹಿರಂಗಪಡಿಸಿದವನಿಗೆ 20 ವರ್ಷದ ಹಕ್ಕು. ಮನೆಯೊಳಗೆ ಬಚ್ಚಿಟ್ಟ ವಿದ್ಯೆಗೆ ಅಂಥ ಹಕ್ಕಿನ ಕಾವಲಿಲ್ಲ. ಮಗ ಬೆಂಗಳೂರಿಗೆ ಹೋದ ದಿನ ಆ ವಿದ್ಯೆ ಮುಗಿಯಿತು. ಅಂಥ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿವೆ ಎಂಬುದು ಆ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು.

"ಮೊದಲ ಕಬ್ಬಿಗೆ ರೇಟ್ ಕೊಡಸ್ರಿ, ಆಮ್ಯಾಲ ಭಾಷಣ ಮಾಡ್ರಿ." ರೈತ ಮುಖಂಡರ ಈ ಮಾತಿನ ಹಿಂದೆ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದು. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಸಾವಿರಾರು ರೈತರು ಹಗಲು ರಾತ್ರಿ ಕೂತಿದ್ದರು, ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ನಾನು ಕೇಳುವುದಿಷ್ಟೇ: ಆ ಲೆಕ್ಕವನ್ನು ನಮ್ಮ ರೈತನಿಗೆ ಯಾರು ಬಿಡಿಸಿ ಹೇಳಿದ್ದಾರೆ? ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಬೆಲೆ, ಎಫ್‌ಆರ್‌ಪಿ, ಶೇ 10.25ರ ಸಕ್ಕರೆ ಇಳುವರಿಗೆ ಕಟ್ಟಿಕೊಂಡಿದೆ. ಇಳುವರಿಯನ್ನು ಎಲ್ಲಿ, ಯಾರು, ಹೇಗೆ ಅಳೆಯುತ್ತಾರೆ? ಕಟಾವು, ಸಾಗಣೆಯ ಖರ್ಚು ಯಾವ ಹಂತದಲ್ಲಿ ಕಳೆಯುತ್ತದೆ? ಸಕ್ಕರೆ ಮತ್ತು ಮುಖ್ಯ ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70, ಅಥವಾ ಸಕ್ಕರೆಯೊಂದರ ಆದಾಯದಲ್ಲಿ ಶೇ 75 ರೈತನಿಗೆ ಸೇರಬೇಕೆಂದು ರಂಗರಾಜನ್ ಸಮಿತಿ 2012ರಲ್ಲೇ ಹೇಳಿತು. ಅದೇ ಕಬ್ಬಿನಿಂದ ಇಂದು ಸಕ್ಕರೆ ಮಾತ್ರವಲ್ಲ, ವಿದ್ಯುತ್ತು, ಎಥೆನಾಲ್, ರಾಸಾಯನಿಕಗಳೂ ಹೊರಡುತ್ತಿವೆ. ನಮ್ಮ ಪಕ್ಕದ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲೇ ಇದು ಕಣ್ಣಿಗೆ ಕಾಣುತ್ತದೆ. ಈ ಎಲ್ಲ ಹೊಸತರಲ್ಲಿ ನನ್ನ ಪಾಲು ಎಷ್ಟು ಎಂದು ಕೇಳಬೇಕಾದರೆ ಆ ಹೊಸತು ಹೇಗೆ ನಡೆಯುತ್ತದೆಂದು ರೈತನಿಗೆ ತಿಳಿದಿರಬೇಕು. ಕಾಕಂಬಿಯಿಂದ ಎಥೆನಾಲ್ ಹೇಗಾಗುತ್ತದೆ, ಅದರ ಬೆಲೆ ಯಾರು ಕಟ್ಟುತ್ತಾರೆ ಎಂದು ಕನ್ನಡದಲ್ಲಿ ಒಂದೂವರೆ ಗಂಟೆ ವಿವರಿಸುವ ಉಪನ್ಯಾಸ ಬೆಲೆಯ ಹೋರಾಟಕ್ಕೆ ಅಡ್ಡಿಯಲ್ಲ, ಅದರ ಕೈಗೆ ಕೊಡುವ ಆಯುಧ.

ಈಗ ಬೆಲ್ಲಕ್ಕೆ ಬರುತ್ತೇನೆ. ನಮ್ಮೂರಿನ ಹೆಸರು ನಾಡಿನ ಹೊರಗೂ ಗೊತ್ತಿರುವುದು ಬೆಲ್ಲದಿಂದ. ಇಲ್ಲಿಯೇ ನನ್ನ ಆತಂಕವೂ ಹೆಚ್ಚು. "ಬೆಲ್ಲದಾಗ ಹೊಸಾದೇನು ಮಾಡಾವ್ರು? ಅಪ್ಪ ಮಾಡಿದಂಗ ನಾವು ಮಾಡತೇವಿ" ಎನ್ನುವವರಿಗೆ ನನ್ನ ಉತ್ತರ: ಅಪ್ಪ ಮಾಡಿದ ಹಾಗೆ ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಅಪ್ಪ ರಸಕ್ಕೆ ಸುಣ್ಣದ ತಿಳಿ ಹಾಕುತ್ತಿದ್ದ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ಎತ್ತುತ್ತಿದ್ದ, ಪಾಕ ಸುಮಾರು 118 ಡಿಗ್ರಿಗೆ ಬಂದಾಗ ಕಣ್ಣಳತೆಯಲ್ಲೇ ಹದ ಹಿಡಿದು ಇಳಿಸುತ್ತಿದ್ದ. ಇಂದು ನಾಡಿನ ಎಷ್ಟೋ ಗಾಣಗಳಲ್ಲಿ ಹೈಡ್ರೋಸ್ ಪುಡಿ ಬೀಳುತ್ತದೆ. ಅದು ಬಣ್ಣ ಬಿಳಿಚಿಸುವ ರಾಸಾಯನಿಕ. ಬೆಲ್ಲದಲ್ಲಿ ಗಂಧಕದ ಅಂಶ ಉಳಿಸುತ್ತದೆ. ಆಹಾರ ಸುರಕ್ಷತೆಯ ನಿಯಮ ಅದಕ್ಕೆ ಮಿತಿ ಹಾಕಿದೆ. ಮೇಲಾಗಿ ಆ ಹಳದಿ ನಿಲ್ಲುವುದಿಲ್ಲ, ಗೋದಾಮಿನಲ್ಲಿ ಕೆಲ ಕಾಲ ಇಟ್ಟರೆ ಮತ್ತೆ ಕಪ್ಪಾಗುತ್ತದೆ.

ಗಾಣದವನು ಕೆಟ್ಟವನೆಂದು ಹೀಗಾಗುತ್ತಿಲ್ಲ. ಲಿಲಾವಿನಲ್ಲಿ ಕಣ್ಣು ಮೊದಲು ಬಣ್ಣದ ಮೇಲೆ ಬೀಳುತ್ತದೆ. ಹಳದಿಗೆ ಹೆಚ್ಚು, ಕಂದಿಗೆ ಕಡಿಮೆ. ಹತ್ತು ಟನ್ ಕಬ್ಬು ಅರೆದರೆ ಸುಮಾರು ಒಂದು ಟನ್ ಬೆಲ್ಲ. ಕ್ವಿಂಟಲಿಗೆ ಇನ್ನೂರು ಮುನ್ನೂರು ರೂಪಾಯಿ ಬಣ್ಣದಿಂದಲೇ ಏರುಪೇರಾದರೆ ಅವನು ಏನು ಮಾಡಬೇಕು? ಇದು ಗಾಣದವನೊಬ್ಬನಿಂದ ಬಗೆಹರಿಯುವ ಸಮಸ್ಯೆಯಲ್ಲ, ದಲಾಲರಿಂದಲೂ ಅಲ್ಲ, ವಿಜ್ಞಾನಿಯಿಂದಲೂ ಅಲ್ಲ. ಗಾಣದವನಿಗೆ ಹದ ಗೊತ್ತು. ದೂರದ ಗಿರಾಕಿ ಏನು ಕೇಳುತ್ತಾನೆಂಬುದು ದಲಾಲರಿಗೆ ಗೊತ್ತು. ಯಾವ ತಳಿಯ ರಸ ತಿಳಿಯಾಗಿರುತ್ತದೆ, ಒಲೆಯನ್ನು ಹೇಗೆ ಕಟ್ಟಿದರೆ ಸಿಪ್ಪೆ ಉಳಿಯುತ್ತದೆ, ತೇವ ಎಷ್ಟಿದ್ದರೆ ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವುದಿಲ್ಲ ಎಂಬುದು ಸಂಕೇಶ್ವರದ ಕಬ್ಬು ಸಂಶೋಧನಾ ಕೇಂದ್ರದವರಿಗೆ, ಸಮೀರವಾಡಿಯ ಸೋಮಯ್ಯ ಕೃಷಿ ಸಂಶೋಧನಾ ಸಂಸ್ಥೆಯವರಿಗೆ ಗೊತ್ತು. ಹತ್ತು ಕಿಲೋ ಪೆಂಟಿ ಪೇಟೆಯ ಸಣ್ಣ ಅಡುಗೆಮನೆಗೆ ಹೊಂದುವುದಿಲ್ಲ, ಅರ್ಧ ಕಿಲೋ ಪುಡಿಯ ಪೊಟ್ಟಣ ಬೇಕು ಎಂಬುದು ಬೆಂಗಳೂರಿನಲ್ಲಿ ಸಂಸಾರ ಹೂಡಿದ ನಮ್ಮೂರಿನ ಹೆಣ್ಣುಮಗಳಿಗೆ ಗೊತ್ತು. ಈ ನಾಲ್ವರು ಒಂದೇ ಕೋಣೆಯಲ್ಲಿ ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. ನಾನು ಬೇಡುತ್ತಿರುವ ಉಪನ್ಯಾಸ ಅದು.

ಹೊರಗಿನಿಂದ ಬರುವ ಭಾಷಣಕಾರರು ಹುರುಪು ಮಾರುತ್ತಾರೆ, ಚಪ್ಪಾಳೆ ಹೊಡೆಸುತ್ತಾರೆ, ಕೊನೆಗೆ ಸಾವಿರಾರು ರೂಪಾಯಿಯ ಕೋರ್ಸಿಗೆ ಹೆಸರು ಬರೆಸಿಕೊಂಡು ಹೋಗುತ್ತಾರೆ ಎಂದು ಒಬ್ಬ ಶಿಕ್ಷಕರು ಹೇಳಿದರು. ಅವರ ಮಾತನ್ನು ನಾನು ಒಪ್ಪುತ್ತೇನೆ. ಅಂಥ ಸಭೆ ನಮಗೆ ಬೇಡ. ಅದಕ್ಕೇ ನಾವು ಷರತ್ತು ಹಾಕಿದ್ದೇವೆ. ಮಾತಾಡುವವರು ತಾವೇ ಮಾಡಿದ ಕೆಲಸದ ಬಗ್ಗೆ ಮಾತಾಡಬೇಕು. ಹಾಕಿದ ಬಂಡವಾಳ, ಬಂದ ನಷ್ಟ, ತೀರಿಸಿದ ಸಾಲವನ್ನು ಅಂಕಿ ಸಮೇತ ಹೇಳಬೇಕು. ಅರ್ಧ ಹೊತ್ತು ಪ್ರಶ್ನೆಗೆ ಬಿಡಬೇಕು. ಸಭೆಯಲ್ಲಿ ಏನನ್ನೂ ಮಾರಕೂಡದು. ಹುಡುಗರು ಇದನ್ನೆಲ್ಲ ಕೇಳಿ ಸಾಲ ಮಾಡಿ ಕೆಡುತ್ತಾರೆ ಎಂಬ ತಾಯಂದಿರ ಭಯಕ್ಕೂ ಇದೇ ಉತ್ತರ. ಗೆದ್ದವರ ಕತೆ ಮಾತ್ರ ಕೇಳಿದ ಹುಡುಗ ಕೆಡುತ್ತಾನೆ. ಮುಳುಗಿದವರ ಲೆಕ್ಕದ ಪುಸ್ತಕ ನೋಡಿದವನು ಬ್ಯಾಂಕಿಗೆ ಹೋಗುವ ಮೊದಲು ಎರಡು ಸಲ ಯೋಚಿಸುತ್ತಾನೆ.

ತಾಲ್ಲೂಕು ಆಗಲಿ, ಆಮೇಲೆ ಇದೆಲ್ಲ ಎನ್ನುವವರ ಜೊತೆ ನನಗೆ ಜಗಳವೇ ಇಲ್ಲ. ಮಹಾಲಿಂಗಪುರ ತಾಲ್ಲೂಕು ಆಗಬೇಕೆಂಬ ಹೋರಾಟಕ್ಕೆ ನನ್ನ ಕೈಯೂ ಇದೆ. ಉಪನ್ಯಾಸಕ್ಕೆ ತಹಶೀಲ್ದಾರರ ಕಚೇರಿ ಬೇಕಿಲ್ಲ.

ನಮ್ಮ ಜನ ಎರಡು ಗಂಟೆ ಕೂತು ಕೇಳುವುದಿಲ್ಲ, ಇದು ಬೆಂಗಳೂರಿನವರ ಚಟ ಎಂಬ ಮಾತಂತೂ ನನಗೆ ಸ್ವಲ್ಪವೂ ಒಪ್ಪಿಗೆಯಾಗದು. ಹರದೇಶಿ, ನಾಗೇಶಿ ಪದಗಳಿಗೆ ಬೆಳಗಿನವರೆಗೆ ಕೂತವರು ನಾವು. ಒಂದು ಮೇಳ ಗಂಡು ಹೆಚ್ಚು ಎನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ಸವಾಲಿಗೆ ಜವಾಬು, ಜವಾಬಿಗೆ ಮರುಸವಾಲು, ತಪ್ಪಿದವನನ್ನು ಸಭೆಯೇ ಹಿಡಿಯುತ್ತದೆ. ವಾದ ಕೇಳಿ ತೂಗುವ ಅಭ್ಯಾಸ ನಮ್ಮ ಹಳ್ಳಿಯ ಕಟ್ಟೆಗಳಲ್ಲಿ ತಲೆಮಾರುಗಳಿಂದ ಇದೆ. ಶ್ರಾವಣದಲ್ಲಿ ತಿಂಗಳಿಡೀ ಪುರಾಣ ಕೇಳುತ್ತೇವೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಬೆಳಗಿನ ಜಾವದಲ್ಲಿ ಪ್ರವಚನ ಹೇಳಿದರೆ ಹೊಲಕ್ಕೆ ಹೋಗುವ ಮೊದಲು ಸಾವಿರಾರು ಜನ ಬಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಕೇಳುವ ಜನ ಇದ್ದಾರೆ. ಅವರ ಬದುಕಿಗೆ ತಾಗುವ ಮಾತು, ಅವರ ಭಾಷೆಯಲ್ಲಿ, ಬೇಕು.

ಹೆಂಗಸರು ಸಂಜೆಯ ಸಭೆಗೆ ಬರಲಾರರು ಎಂಬುದು ಮಾತ್ರ ಸರಿಯಾದ ಆಕ್ಷೇಪ, ಅದರಿಂದ ನಮ್ಮ ಯೋಜನೆಯೇ ಬದಲಾಗಬೇಕು. ಕಂಡಿಕೆ ಸುತ್ತುವವರು ಅವರು, ಕೊಂಡಿ ಹಾಕುವ ಕೈಗಳಲ್ಲಿ ಅವರವೂ ಇವೆ, ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಪೊಟ್ಟಣ ಕಟ್ಟಿ ಪುಣೆ, ಬೆಂಗಳೂರಿಗೆ ಕಳಿಸುವ ಹೊಸ ವ್ಯಾಪಾರ ಶುರುಮಾಡಿದವರೂ ಅವರೇ. ಹಾಗಾಗಿ ಎರಡು ತಿಂಗಳಿಗೊಮ್ಮೆ ಸಭೆ ಮಧ್ಯಾಹ್ನ, ಮಗ್ಗದ ಓಣಿಯಲ್ಲೇ, ನಡೆಯಲಿ. ಮಾತಾಡುವವರೂ ಅವರಲ್ಲೇ ಒಬ್ಬರಾಗಲಿ.

ಮೊದಲ ಸಭೆಗೆ ನಾನು ಸೂಚಿಸುವ ವಿಷಯ ಇದು: ಹೈಡ್ರೋಸ್ ಇಲ್ಲದ ಬೆಲ್ಲವನ್ನು ಪೇಟೆಯಲ್ಲಿ ಬೇರೆ ರಾಶಿ ಹಾಕಿ, ಪರೀಕ್ಷೆಯ ಚೀಟಿ ಇಟ್ಟು, ಪ್ರತ್ಯೇಕ ಲಿಲಾವು ಮಾಡಲು ಸಾಧ್ಯವೇ? ಪರೀಕ್ಷೆಯ ಖರ್ಚನ್ನು ಯಾರು ಹೊರಬೇಕು, ಆ ರಾಶಿ ಮಾರಾಟವಾಗದೆ ಉಳಿದರೆ ನಷ್ಟ ಯಾರದು? ಈ ಎರಡು ಪ್ರಶ್ನೆಗಳನ್ನು ನನಗಿಂತ ಗಟ್ಟಿಯಾಗಿ ಕೇಳಬಲ್ಲವರು ನನ್ನನ್ನು ವಿರೋಧಿಸುತ್ತಿರುವ ದಲಾಲಿ ಅಂಗಡಿಯ ಹಿರಿಯರೇ. ಅವರು ಮುಂದಿನ ಸಾಲಿನಲ್ಲಿ ಕೂರಬೇಕು ಎಂಬುದು ನನ್ನ ಕೋರಿಕೆ.