ಪ್ರವಾಸ ಬೇಡ ಅನ್ನುತ್ತಿಲ್ಲ, ಒಂದು ರವಿವಾರ ಕೊಡಿ

ಶೈಕ್ಷಣಿಕ ಪ್ರವಾಸದ ನೋಟಿಸ್ ಓದಿದ ದಿನ ನಮ್ಮ ಪ್ರಥಮ ಪಿಯುಸಿ ಕಾಮರ್ಸ್ ತರಗತಿಯಲ್ಲಿ ಹೆಸರು ಕೊಟ್ಟ ಹುಡುಗಿಯರು ನಾಲ್ಕೇ ಜನ. ಉಳಿದವರು ಮನೆಯಲ್ಲಿ ಕೇಳಲೂ ಇಲ್ಲ. ಎರಡು ರಾತ್ರಿ ಹೊರಗೆ, ಎರಡೂವರೆ ಸಾವಿರ ರೂಪಾಯಿ. ಎರಡರಲ್ಲಿ ಒಂದಕ್ಕಾದರೂ ಇಲ್ಲ ಅನ್ನುತ್ತಾರೆ ಅಂತ ನಮಗೆ ಮೊದಲೇ ಗೊತ್ತು. ನಾನೂ ಕೇಳಲಿಲ್ಲ.

ಆದರೆ ಅದೇ ತಿಂಗಳು ಒಂದು ರವಿವಾರ ನಾನು ಇಡೀ ದಿನ ಹೊರಗಿದ್ದೆ, ಅದೂ ಅಬ್ಬಾ ಒಪ್ಪಿಗೆಯಿಂದ. ನಮ್ಮ ಮಾಮೂ ತಿಂಗಳಿಗೊಮ್ಮೆ ಒಂದು ಗುಂಪಿನ ಜೊತೆ ಹೊಲದ ದಾರಿಯಲ್ಲಿ ನಡೆಯಲು ಹೋಗುತ್ತಾರೆ. ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ವಂತಿಗೆಯೂ ಇಲ್ಲ. ಒಬ್ಬ ನಿವೃತ್ತ ಮಾಸ್ತರರು, ಔಷಧ ಅಂಗಡಿಯವರು, ಕಬ್ಬು ಬೆಳೆಯುವ ಇಬ್ಬರು ಕಾಕಾಗಳು, ಒಬ್ಬ ಅಂಗನವಾಡಿ ಅಕ್ಕ. ಅಕ್ಕ ಬರುತ್ತಾರೆ ಅಂದ ಮೇಲೆ ಅಮ್ಮಿ ಹಾಕಿದ ಷರತ್ತು ಒಂದೇ: ಮಗ್ರಿಬ್‌ಗೆ ಮೊದಲು ಮನೆಯಲ್ಲಿರಬೇಕು.

ಕಾಗವಾಡದಿಂದ ಶೇಡಬಾಳಕ್ಕೆ ಬಸ್ಸು. ಅಲ್ಲಿಂದ ಉಗಾರ ಖುರ್ದದವರೆಗೆ ನಡಿಗೆ, ಸುತ್ತುಬಳಸಿ ಸುಮಾರು ಹತ್ತು ಕಿಲೋಮೀಟರ್. ಬಸ್ಸಿನ ಕಿಟಕಿಯಿಂದ ನಾನು ಇಷ್ಟು ವರ್ಷ ನೋಡಿದ್ದು ಕಬ್ಬಿನ ಹಸಿರು ಗೋಡೆ ಮಾತ್ರ. ಒಳಗೆ ಹೋದರೆ ನಡುನಡುವೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿರುವ ಹೊಲಗಳಿವೆ. ಒಂದರ ಮುಂದೆ ಕಾಕಾ ನಿಂತರು. "ನೀರ ಹೆಚ್ಚಾತು ತಂಗಿ, ಸವಳ ಆತು. ಬಂಗಾರದಂಥ ಎರಿ ಹೊಲ ಇತ್ತ ಇದು." ವರ್ಷಗಟ್ಟಲೆ ಕಬ್ಬಿಗೆ ನೀರು ಹಾಯಿಸಿ, ಅದು ಬಸಿದುಹೋಗಲು ದಾರಿ ಇಲ್ಲದಿದ್ದರೆ ಮಣ್ಣಿನೊಳಗಿನ ಲವಣ ಮೇಲೆ ಬರುತ್ತದಂತೆ. ಬಸಿಗಾಲುವೆ ತೋಡಬೇಕು, ಇಲ್ಲವೇ ತೂತಿನ ಪೈಪು ಹೂಳಬೇಕು, ಅದಕ್ಕೆ ದುಡ್ಡು ಬೇಕು. ನಮ್ಮ ಲೆಕ್ಕಶಾಸ್ತ್ರದಲ್ಲಿ ಕಟ್ಟಡಕ್ಕೆ, ಯಂತ್ರಕ್ಕೆ ಸವಕಳಿ ಹಾಕುತ್ತೇವೆ, ಭೂಮಿಗೆ ಹಾಕುವುದಿಲ್ಲ ಅಂತ ನಾನು ಹೇಳಿದೆ. ಕಾಕಾ ಬಹಳ ಹೊತ್ತು ನಕ್ಕರು. "ಹಂಗಾರ ನಿಮ್ಮ ಪುಸ್ತಕದಾಗಿನ ಹೊಲ ನನಗ ಕೊಡಸವಾ."

ಮುಂದೆ ಕಟಾವು ನಡೆದಿತ್ತು. ಬೀಡ ಕಡೆಯಿಂದ ಬಂದ ಗ್ಯಾಂಗು. ನನ್ನ ವಯಸ್ಸಿನ ಹುಡುಗಿಯೊಬ್ಬಳು ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು, ಹಲಗೆ ಹತ್ತಿ ಟ್ರೇಲರಿಗೆ ಹಾಕುತ್ತಿದ್ದಳು. ಎಲ್ಲಿಗೆ ಹೊರಟಿರಿ ಅಂತ ಮರಾಠಿಯಲ್ಲಿ ಕೇಳಿದಳು. ಸುಮ್ಮನೆ ನಡೆಯಲಿಕ್ಕೆ ಅಂದೆ. ಅವಳಿಗೆ ಅದು ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿದಾಗ ನಕ್ಕು ಮತ್ತೊಂದು ಹೊರೆ ಎತ್ತಿಕೊಂಡಳು. ನನಗೆ ನಾಚಿಕೆಯಾಯಿತು. ಅದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು, ಆದರೆ ಆ ದಿನದ್ದು ಈಗಲೂ ಹೆಚ್ಚು ನೆನಪಾಗುವುದು ಅವಳೇ.

ಊಟದ ಹೊತ್ತಿಗೆ ಮಾಸ್ತರರು ಇಂಗ್ಲೆಂಡಿನ ಕತೆ ಹೇಳಿದರು. 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ನೂರಾರು ಕಾರ್ಮಿಕ ಯುವಕರು ಜಮೀನುದಾರರ ತಡೆ ಮೀರಿ ನಡೆದು ಹೋದರಂತೆ, ಕೆಲವರಿಗೆ ಜೈಲೂ ಆಯಿತಂತೆ. ನಮ್ಮನ್ನು ಮಾತ್ರ ಆ ದಿನ ಯಾವ ಹೊಲದವರೂ ತಡೆಯಲಿಲ್ಲ. ಪಂಪ್‌ಸೆಟ್ ಹತ್ತಿರ ಕರೆದು ಮಜ್ಜಿಗೆ ಕೊಟ್ಟರು. ಅದೇ ನೀರಿನಲ್ಲಿ ನಾನು ವುಜೂ ಮಾಡಿ ಜುಹರ್ ಓದಿದೆ. ಅಕ್ಕ ನನ್ನ ಚೀಲ ಹಿಡಿದು ಕೂತಿದ್ದರು.

ಮೂರು ಗಂಟೆಗೆ ಕೃಷ್ಣೆಯ ದಂಡೆ. ಪ್ರತಿ ದೊಡ್ಡ ಮಳೆಗೆ ಮುಳುಗುವ ಕುಡಚಿ ಸೇತುವೆ ಆ ದಿನ ನೀರಿನಿಂದ ಎಷ್ಟೋ ಮೇಲಿತ್ತು. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕಾಕಾ ತೋರಿಸಿದಾಗ ನಾನು ಕತ್ತು ಮೇಲೆತ್ತಿ ನೋಡಬೇಕಾಯಿತು. ಐದೂವರೆಗೆ ಮನೆ.

ಕಾಮರ್ಸ್ ವಿದ್ಯಾರ್ಥಿನಿ ಆದ್ದರಿಂದ ಖರ್ಚೂ ಹೇಳುತ್ತೇನೆ. ಶಕ್ತಿ ಯೋಜನೆಯಲ್ಲಿ ನನ್ನ ಟಿಕೆಟ್ ಸೊನ್ನೆ. ಬುತ್ತಿ ಮನೆಯದು. ಖರ್ಚಾದದ್ದು ಮಾಮೂ ಅವರ ಬಸ್ ಟಿಕೆಟ್, ಎರಡು ಚಹಾ.

ಪ್ರಾಚಾರ್ಯರಲ್ಲಿ, ಮೇಡಂಗಳಲ್ಲಿ ನನ್ನ ವಿನಂತಿ ಇದು. ದೊಡ್ಡ ಪ್ರವಾಸ ಇರಲಿ, ಹೋಗುವವರು ಹೋಗಲಿ. ಜೊತೆಗೆ ತಿಂಗಳಿಗೊಂದು ರವಿವಾರ ಇಬ್ಬರು ಮೇಡಂಗಳು ನಮ್ಮ ಜೊತೆ ನಡೆಯಲಿ. ಹುಡುಗಿಯರು ಹೊಲದಲ್ಲಿ ಯಾಕೆ ತಿರುಗಬೇಕು, ನೋಡಿದವರು ಏನಂದಾರು ಅಂತ ಕೆಲವರು ಕೇಳುತ್ತಾರೆ. ನಮ್ಮ ಕಡೆ ನಡೆಯುವುದು ಯಾರಿಗೂ ಹೊಸದಲ್ಲ. ಜೈನ ಮುನಿಗಳು ವಾಹನ ಹತ್ತುವುದೇ ಇಲ್ಲ, ಆಷಾಢದಲ್ಲಿ ಪಂಢರಪುರದ ದಿಂಡಿಯಲ್ಲಿ ನಮ್ಮ ಅಜ್ಜಿಯಂದಿರ ವಯಸ್ಸಿನ ಹೆಂಗಸರೇ ದಿನಗಟ್ಟಲೆ ನಡೆಯುತ್ತಾರೆ. ಸುರಕ್ಷತೆಯ ಮಾತು ಮಾತ್ರ ನ್ಯಾಯವಾದದ್ದು. ಅದಕ್ಕೇ ಮೇಡಂಗಳು ಬೇಕು, ಅದಕ್ಕೇ ಹಗಲು ಹೊತ್ತು.

ರಂಜಾನ್‌ಗೆ ಮೊದಲು ಇನ್ನೊಂದು ರವಿವಾರ ಸಿಗುತ್ತದೆ. ಮಾಮೂ ಅವರ ಗುಂಪು ಈ ಸಲ ಜುಗೂಳದ ಕಡೆ ಹೊರಟಿದೆ, ನಮ್ಮನ್ನೂ ಕರೆದಿದೆ. ಹೆಸರು ಬರೆದುಕೊಳ್ಳಲು ನನ್ನ ಬಳಿ ಒಂದು ನೋಟ್‌ಬುಕ್ ಇದೆ. ಇವತ್ತಿನವರೆಗೆ ಹನ್ನೊಂದು ಹುಡುಗಿಯರು ಬರೆಸಿದ್ದಾರೆ. ಮೇಡಂಗಳ ಹೆಸರಿಗೆ ಮೇಲಿನ ಎರಡು ಸಾಲು ಖಾಲಿ ಬಿಟ್ಟಿದ್ದೇನೆ.